ಐದರಲ್ಲಿ ಒಂದಕ್ಕೆ ಗುರುತು

ಹೆಸರು ಬರೆಯಬೇಡಿ, ಅಂದೆ.
ಇದು ಪರೀಕ್ಷೆಯಲ್ಲ. ಇಪ್ಪತ್ತು ಮಾತುಗಳಿವೆ,
ಒಂದೊಂದರ ಮುಂದೆ ಐದು ಮನೆ,
ಎಂದೂ ಇಲ್ಲ ಎಂಬಲ್ಲಿಂದ ಯಾವಾಗಲೂ ಎಂಬವರೆಗೆ.
ಬಿ.ಕಾಂ. ಎರಡನೇ ವರ್ಷ, ಅರವತ್ತಮೂರು ಮಂದಿ,
ಬಳ್ಳಾರಿಯ ಮಾರ್ಚಿ, ಮಧ್ಯಾಹ್ನ ಎರಡೂವರೆ.
ಮೂರು ಫ್ಯಾನಿನಲ್ಲಿ ಒಂದು ತಿರುಗುತ್ತಿತ್ತು.
ಕಿಟಕಿಯಲ್ಲಿ ಒಂಟಿ ಬಂಡೆಯ ಗುಡ್ಡ
ಕಾದು ಕೂತಿತ್ತು.

ಪರೀಕ್ಷೆಯಲ್ಲ ಅಂದದ್ದಕ್ಕೇ
ಅರ್ಧ ಮಂದಿ ಅಂಗೈ ಒರೆಸಿಕೊಂಡು ನೆಟ್ಟಗಾದರು.

ಗಾದಿಲಿಂಗ ಎದ್ದ:
ಆತಂಕ ಅಂದ್ರೆ ಅಂಜಿಕೆನಾ ಮೇಡಂ, ದಿಗಿಲಾ?
ಅಂಜಿಕೆ ಆದ್ರೆ ಐತೆ. ದಿಗಿಲು ಅಷ್ಟಿಲ್ಲ.
ಮಾರ್ಗದರ್ಶಕರು ಒಪ್ಪಿದ ಪದ ಅದು,
ನಾನು ಮುಟ್ಟುವಂತಿಲ್ಲ.
ನಿನಗೆ ತೋಚಿದ್ದು ಅಂದ್ಕೊ, ಅಂದೆ.
ಮೊದಲ ದೋಷ ಅಲ್ಲೇ ಸೇರಿತು, ನನ್ನ ಬಾಯಿಂದ.

ಹನ್ನೆರಡನೆಯದು:
ಯಾರಾದರೂ ನೋಡುತ್ತಿದ್ದರೆ ಲೆಕ್ಕ ಮಾಡಲು ಕೈ ನಡುಗುತ್ತದೆ.
ಮೆಹಜಬೀನ್ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುವವಳು.
ನೋಡೋರು ಗಿರಾಕಿ ಆದ್ರೆ ಇಲ್ಲ,
ಸರ್ ಆದ್ರೆ ಹೌದು.
ಎರಡಕ್ಕೂ ಗುರುತು ಹಾಕ್ಲಾ?

ಆರನೆಯದು:
ಪರೀಕ್ಷೆಯ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.
ಯಾರೋ ಐದೂ ಮನೆ ಬಿಟ್ಟು ಅಂಚಿನಲ್ಲಿ ಬರೆದಿದ್ದಾರೆ:
ತೋರಣಗಲ್ಲಿನಲ್ಲಿ ರಾತ್ರಿ ಪಾಳಿ.
ನಿದ್ದೆ ಬರುತ್ತದೆ. ಮಲಗೋ ಹಾಗಿಲ್ಲ.

ಕಡೆಯ ಬೆಂಚಿನಿಂದ ಬಂದ ಹಾಳೆಯಲ್ಲಿ
ಹದಿನೇಳನೆಯದರ ಪಕ್ಕ, ಭಿನ್ನರಾಶಿ ಕಂಡರೆ
ಎದೆ ಹೊಡೆದುಕೊಳ್ಳುತ್ತದೆ ಎಂಬಲ್ಲಿ,
ಐದನೇ ಮನೆ ಹರಿಯುವಷ್ಟು ಒತ್ತಿದ ಪೆನ್ನು,
ಅದರ ಮೇಲೆ ಒಂದು ಹೆಬ್ಬೆರಳು,
ನೀಲಿ.
ತೊಳೆದರೂ ಹೋಗದ ಜೀನ್ಸಿನ ನೀಲಿ.

ಕೌಲ್ ಬಜಾರಿನ ಶೆಡ್ಡಿನಲ್ಲಿ ನಾಲ್ಕರ ಮೇಲೆ ಅವಳಿಗೆ ಮಿಷನ್ನು.
ಇಪ್ಪತ್ತೆಂಟರ ಸೊಂಟಕ್ಕೆ ಮುಕ್ಕಾಲಿಂಚು ಬಿಟ್ಟು,
ಕಾಲಿಂಚು ಮಡಿಸಿ, ಮೂವತ್ತಾರಕ್ಕೆ ಎಷ್ಟು ಬೇಕೆಂದು
ಚಾಕಿನ ಗೆರೆ ಎಳೆಯುತ್ತಲೇ ಹೇಳುತ್ತಾಳಂತೆ.
ವಾರದ ಬಟವಾಡೆಯಲ್ಲಿ ಮೇಸ್ತ್ರಿ ಎರಡು ಪೀಸು ನುಂಗಿದರೆ
ನಿಂತಲ್ಲೇ ಕಕ್ಕಿಸುತ್ತಾಳಂತೆ.
ಇದೆಲ್ಲ ಆಮೇಲೆ ತಿಳಿದದ್ದು. ನನ್ನ ಇಪ್ಪತ್ತು ಮಾತು
ಇದನ್ನು ಕೇಳುವುದಿಲ್ಲ.

ರಾತ್ರಿ ಬಾಡಿಗೆ ಕೋಣೆಯಲ್ಲಿ ಅಂಕಿ ತುಂಬಿಸಿದೆ.
ಖುಷಿಯ ಮಾತುಗಳಿಗೆ ಐದನ್ನು ಒಂದು ಮಾಡಬೇಕು,
ಒಂದನ್ನು ಐದು, ಮೂರು ಇದ್ದಲ್ಲೇ ಇರುತ್ತದೆ.
ಎರಡು ಗುರುತಿನ ಹಾಳೆ ರದ್ದು.
ಅಂಚಿನ ಬರಹಕ್ಕೆ ಕಾಲಂ ಇಲ್ಲ.
ನೀಲಿಗೂ ಇಲ್ಲ.
ಸರಾಸರಿಗೆ ಗುಂಡಿ ಒತ್ತುವ ಮೊದಲು
ಸುಮ್ಮನೆ ಎದ್ದು ನೀರು ಕುಡಿದೆ.

ಸಿರುಗುಪ್ಪ. ಎಂಟನೇ ಕ್ಲಾಸು. ಕರಿಹಲಗೆ.
ದೊಡ್ಡ ಭಾಗಾಕಾರ, ಉತ್ತರ ಸರಿ ಬಂದಿತ್ತು.
ಶೇಷ ಎಲ್ಲಿ ಹೋಯ್ತು, ಎಂದು ಮೇಷ್ಟ್ರು
ನನ್ನ ಲಂಗದ ಜೇಬು ತಡಕುವಂತೆ ನಟಿಸಿದರು.
ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕಿದ್ದೆ.
ಈಗ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ,
ಅತಿಥಿ ಉಪನ್ಯಾಸಕಿ, ನಾಲ್ಕು ತಿಂಗಳ ಸಂಬಳ ಬಾಕಿ.
ಅದರ ಲೆಕ್ಕದಲ್ಲಿ ಮಾತ್ರ ತಪ್ಪುವುದಿಲ್ಲ.

ಒತ್ತಿದೆ. ಮೂರು ಬಿಂದು ಆರು ಎರಡು.
ಅಂಗೈ ಒದ್ದೆ: ಅದು ಏಳನೆಯ ಮಾತು.

ಮರುವಾರ ಗೇಟಿನ ಹತ್ತಿರ
ಹೊನ್ನೂರಮ್ಮ ಕಾದಿದ್ದಳು, ಬೆರಳು ಸೆರಗಿನಲ್ಲಿ.
ನಂದು ಎಷ್ಟು ಬಂತು ಮೇಡಂ?
ಅದು ಪರೀಕ್ಷೆಯಲ್ಲಮ್ಮ, ಹೆಸರೂ ಇರಲಿಲ್ಲ.
ನಿಮಗೆ ಗೊತ್ತೈತೆ, ಹೇಳ್ರಿ.
ಸೆರಗು ನೋಡಿದೆ. ಹೇಳಬಾರದು, ಹೇಳಿದೆ:
ಎಂಬತ್ತೊಂಬತ್ತು.
ನೂರಕ್ಕಾ?
ನೂರಕ್ಕೆ.

ಲೆಕ್ಕದಾಗೆ ನಂಗೆ ಯಾವತ್ತೂ
ಮೂವತ್ತೈದು ದಾಟಿಲ್ಲ, ಅಂದಳು,
ನಕ್ಕು,
ಶೆಡ್ಡಿಗೆ ಹೊತ್ತಾಯಿತೆಂದು ಆಟೋದ ಕಡೆ ಓಡಿ
ಒಳಗಿದ್ದವರಿಗೆ ಬೆರಳೆತ್ತಿ ತೋರಿಸುತ್ತಿದ್ದಳು, ಎಂಟು,
ಆಮೇಲೆ ಒಂಬತ್ತು.