ಹಿಂದಿನ ಗುಡ್ಡ

ನಸುಕಿನ್ಯಾಗ ನಾಕೂವರಿಗೆ ಎದ್ದು, ಸ್ಕೂಟರಿಗೆ ಒದ್ದು,
ಬೆಟಗೇರಿಯ ಮಗ್ಗ ಬಾಯಿ ಬಿಡೂದಕ್ಕ ಮೊದಲ
ಡಂಬಳದ ದಾರಿ ಹಿಡೀತೀನಿ.
ಕೊರಳಾಗ ಕ್ಯಾಮರಾ, ಡಿಕ್ಕಿಯಾಗ ಎರಡು ಚಪಾತಿ.
ಹತ್ತೂವರಿಗೆ ಅಕ್ಕಿಕಾಳು,
ಅಷ್ಟರಾಗ ತಿರುಗಿ ಬರಬೇಕು.

ಕಪ್ಪತಗುಡ್ಡಕ್ಕ
‘ಸ್ವಲ್ಪ ಗದ್ದ ಎತ್ರಿ’ ಅನ್ನೂ ಕಾರಣಿಲ್ಲ.
ತಾನ ಎತ್ತತೈತಿ, ತನಗ ಮನಸಾದಾಗ.
ಗಾಳಿ ಫ್ಯಾನಿನ ರೆಕ್ಕಿ
ಎಳಿ ಬಿಸಲು ಕಡದು ಕಡದು
ಕೆಳಗಿನ ಮೆಣಸಿನಕಾಯಿ ಹೊಲದಾಗ ಚೆಲ್ಲತಾವ.
ನಾನು ಉಸಿರು ಕಟ್ಟಿ ನಿಂತಿರತೀನಿ.
ಒಂದು ಫೋಟೋಕ್ಕ ಒಂದು ತಾಸು.
ತಗೊಳ್ಳಾವ್ರು ಒಬ್ಬರೂ ಇಲ್ಲ.

ಹತ್ತೂವರಿಗೆ ಕಲ್ಯಾಣ ಮಂಟಪ.
ಪ್ಯಾಂಟಿನ ಅಂಚಿಗೆ ಇನ್ನೂ ಬಾದಿಹುಲ್ಲಿನ ವಾಸನಿ.
ಇಲ್ಲಿ ತಾಸಿಗೆ ನಾಕುನೂರು ಫೋಟೋ:
ನಾಕು ಮೂಲಿಗೆ ನಾಕು ತಂಬಗಿ, ಸುತ್ತಿದ ಸುರಗಿ ನೂಲು,
ಮುಖ ಉಬ್ಬಿಸಿಕೊಂಡು ಕಂಬಕ್ಕ ಆತು ನಿಂತ ಸೋದರಮಾವ,
ಅಕ್ಕಿಕಾಳು ಬೀಳೂ ಗಳಿಗ್ಯಾಗ
ಯಾರದೋ ಮೊಬೈಲ್ ಹಿಡದ ಕೈ ಅಡ್ಡ.
‘ಏ ಗಣಪತಸಾ, ನಮ್ಮ ದೊಡ್ಡಪ್ಪ ಬಂದಾನ,
ಒಂದು ಹೊಡಿ.’
ಹೊಡೀತೀನಿ.
ರೀಲಿನ ಕಾಲದಾಗ ನಮ್ಮಪ್ಪ
ಇಂಥವರಿಗೆ ಬರೇ ಫ್ಲ್ಯಾಶ್ ಹೊಡೀತಿದ್ದ, ರೀಲು ಉಳಸಾಕ.
ಎಷ್ಟು ಮಂದಿ ಆ ಸುಳ್ಳು ಬೆಳಕಿಗೆ
ಖರೇನ ನಕ್ಕು
ಊಟಕ್ಕ ಹೋದರು.

ಆಲ್ಬಮ್ ಮಾಡೂ ಹೊತ್ತಿಗೆ
ಎಲ್ಲಾರಿಗೂ ಬ್ಯಾರೇ ದೇಶ ಬೇಕು.
ಗಂಡಹೆಂಡತಿ ಹಿಂದ ಹಿಮ ಬೇಕು,
ನೀಲಿ ಕೆರಿ ಬೇಕು, ಹೆಸರು ಗೊತ್ತಿಲ್ಲದ ಹೂವು ಬೇಕು.
ಒಮ್ಮೆ ನನ್ನ ಗುಡ್ಡ ತೋರಿಸಿದೆ.
ಮದಿಮಗನ ಅಣ್ಣ ನಕ್ಕ:
‘ಇದು ಬಸ್ಸಿನ ಕಿಟಕ್ಯಾಗ ದಿನಾ ಕಾಣತೈತಲ್ಲರೀ,
ಇದಕ್ಕೂ ರೊಕ್ಕ ಕೊಡೂದ?’

ಸಿಟ್ಟು ಬಂತು. ರಾತ್ರಿ ಕುಂತು
ಹದಿನೇಳನೇ ಪುಟದ ಹಿಮ ಕಿತ್ತು ಒಗದು
ಕಪ್ಪತಗುಡ್ಡ ತಂದಿಟ್ಟೆ.
ತುಸು ಮಬ್ಬು ಮಾಡಿದೆ, ತುಸು ನೀಲಿ ಬಳದೆ,
ಫ್ಯಾನು ಒಂದೊಂದಾಗಿ ಒರಸಿದೆ.
ಒಂದು ಉಳೀತು. ಉಳೀಲಿ ಅಂತ ಬಿಟ್ಟೆ.
ಬಿಲ್ಲಿನಾಗ ಬರದೆ:
ಸ್ವಿಟ್ಜರ್ಲ್ಯಾಂಡ್, ಪುಟ ಒಂದು.

ಮೂರು ವರ್ಷಾದ ಮ್ಯಾಲ
ಆ ಮದಿಮಗಳು ಬಂದು ಸ್ಟುಡಿಯೋದ ಬಾಗಲಾಗ ನಿಂತಿದ್ದಳು.
ಕಸ್ತೂರಿ, ಡೋಣಿ ಹೊಳಿಯಪ್ಪನ ಮಗಳು,
ಜತ್ತಕ್ಕ ಕೊಟ್ಟಿದ್ದರು.
ಬಗಲಾಗ ಕೂಸು, ಅರಿವಿ ಚೀಲದಾಗ ಆಲ್ಬಮ್.
ಮೇಜಿನ ಮ್ಯಾಲ ಇಟ್ಟಕೂಡಲೇ
ಹದಿನೇಳನೇ ಪುಟ ತಾನ ತೆರಕೊಂತು.
ಅದರ ಮೂಲಿ ಮಾಸಿತ್ತು,
ದಿನಾ ಬಾಗಲಾ ತಗದು ಹಾಕಿದ ಚಿಲಕದಂಗ.

‘ಇದು ನಮ್ಮ ಮಾಳಗಿ ಮ್ಯಾಲಿಂದ ಕಾಣೂ ಗುಡ್ಡ ಹೌದಲ್ಲರೀ?’

ಸುಳ್ಳು ಹೇಳಾಕ ಬಾಯಿ ತೆರದೆ.
ಆಕಿ ಬೆರಳು ಆಗಲೇ ಗುಡ್ಡ ಹತ್ತತಿತ್ತು:
‘ಈ ಕೊರಕಲದಾಗ ನಮ್ಮ ಆಕಳ ತಪ್ಪಿಸಿಕೊಂಡಿತ್ತು.
ಇಲ್ಲೆ ಅವ್ವ ಬಿದ್ದಿದ್ದಳು, ಹುಲ್ಲಿನ ಹೊರಿ ಸಮೇತ.
ಈ ಒಂದು ಫ್ಯಾನು ಯಾಕ ಬಿಟ್ಟೀರಿ,
ಉಳದಾವು ಎಲ್ಲಿ?’

ನಾನು ಸುಮ್ಮನಿದ್ದೆ.

‘ಅತ್ತಿಮನ್ಯಾಗ ಯಾರಿಗೂ ಹೇಳಿಲ್ಲ.
ಬಂದವರಿಗೆಲ್ಲ ನಮ್ಮತ್ತಿ ಇದನ್ನ ತೋರಸ್ತಾಳ,
ಫಾರಿನ್ನು ಅಂತ.
ನಾನೂ ಹೂಂ ಅಂತೀನಿ.’
ನಗಬೇಕಂತ ಮಾಡಿದಳು, ಕೂಸು ಮೂಗುತಿ ಹಿಡದು ಜಗ್ಗಿತು.
‘ನಮ್ಮಿಬ್ಬರನ್ನೂ ತಗದುಬಿಡ್ರಿ.
ಬರೇ ಹಿಂದಿಂದು ದೊಡ್ಡದು ಮಾಡಿ ಕೊಡ್ರಿ, ಫ್ಯಾನೂ ಇರಲಿ.
ಎಷ್ಟಾಗತೈತಿ?’

ಗ್ವಾಡಿ ಮ್ಯಾಲಿನ ದರಪಟ್ಟಿ ನೋಡಿದೆ.
ಪಾಸ್‌ಪೋರ್ಟ್ ಎಂಟಕ್ಕ ಇಷ್ಟು, ನಾಮಕರಣಕ್ಕ ಇಷ್ಟು,
ಮದಿವಿ, ಡ್ರೋನ್ ಸಹಿತ, ಇಷ್ಟು.
ಇಪ್ಪತ್ತಾರು ವರ್ಷದಾಗ
ಇದರ ರೇಟು ಯಾರೂ ಕೇಳಿದ್ದಿಲ್ಲ.

ನೂರೈವತ್ತು ಅಂದೆ, ಅಳುಕಿಲೇ.
‘ಬಾಳಾತು’ ಅಂದಳು.
ಚೀಲ ಎತ್ತಿಕೊಂಡು ಎರಡು ಮೆಟ್ಲ ಇಳದೂ ಇಳದಳು.
ಕರದೆ.
ನೂರಾ ಇಪ್ಪತ್ತಕ್ಕ ಮುಗೀತು.