ನಿರಂಕ

ಯಮನೂರ ಸ್ವಾಮಿಗೆ ಹರಕಿ ಹೊತ್ತು ಹಡದಳು ನಮ್ಮವ್ವ,
ಅದಕ್ಕ ಯಮನೂರಪ್ಪ.
ಆಸ್ಪತ್ರ್ಯಾಗ ಅರ್ಧ ಹೆಸರು ಸಾಕು ಎಲ್ಲಾರಿಗೂ.
'ಯಮಾ, ಬಂದೈತಿ ನೋಡು ಒಂದು' ಅಂತಾರ,
ನಾ ಕೀಲಿ ತಗೊಂಡು ಹಿತ್ತಲ ಕಡೆ ನಡೀತೀನಿ.

ಸಿಂಧನೂರಿನ ಈ ಕೋಣ್ಯಾಗ ಹತ್ತೊಂಬತ್ತು ವರ್ಷ.
ಮೊದಲ ದಿನ ಹಳೇ ಡಾಕ್ಟರು ತಾವ ರೊಕ್ಕ ಕೊಟ್ಟು
'ಕುಡದು ಬಾ, ಇಲ್ಲಂದ್ರ ನಿನ್ನ ಕಡಿಂದ ಆಗಂಗಿಲ್ಲ' ಅಂದಿದ್ರು.
ಆಗಿಂದ ಹೆಣಕ್ಕೊಂದು ಕ್ವಾರ್ಟರು.
ಮಸ್ಕಿ ರಸ್ತೆದ್ದು, ಗಂಗಾವತಿ ರಸ್ತೆದ್ದು,
ಲೈಟಿಲ್ಲದ ಭತ್ತದ ಟ್ರ್ಯಾಕ್ಟರಿಗೆ ಹಿಂದಿಂದ ಹೋಗಿ ಬಡದದ್ದು,
ಹೊಟ್ಟಿ ಬಿಚ್ಚಿದ ಕೂಡಲೇ ಒಂದು ವಾಸನಿ ಏಳತೈತಿ.
ಅವನದು ಯಾವುದು, ನಂದು ಯಾವುದು,
ಗುರುತು ಹಿಡಿಯೋದು ಬಿಟ್ಟು ಭಾಳ ದಿನ ಆತು.

ಈ ಸಲ ಆಗಸ್ಟ್ ಹದಿನೈದಕ್ಕ ಹುಕುಂ ಬಂತು:
ಹದಿನಾಲ್ಕರ ಸಂಜಿ ಐದರಿಂದ ಹದಿನಾರರ ಮುಂಜಾನಿ ತನಕ
ಜಿಲ್ಲಾದಾಗ ಒಂದು ಹನಿ ಮಾರಂಗಿಲ್ಲ.
ಹೋದ ವರ್ಷ ಅದ ದಿನ ಏಳು ಮಂದಿ ರೋಡಿಗೆ ಬಿದ್ದಿದ್ರಂತ.
ಅಂತ ಏನು ಬಂತು, ಅದರಾಗ ನಾಕು ನಾನ ಹೊಲದೀನಿ.

ಹದಿನಾಲ್ಕಕ್ಕ ಅಂಗಡಿ ಮುಂದ
ಯೂರಿಯಾ ಪಾಳಿಗಿಂತ ಉದ್ದ ಪಾಳಿ.
ಐದಕ್ಕ ಹತ್ತು ನಿಮಿಷ ಇದ್ದಾಗ ನನ್ನ ಸರದಿ,
ಹತ್ತು ರೂಪಾಯಿ ಕಡಿಮಿ ಬಿತ್ತು.
ಹಿಂದ ನಿಂತಂವ ಚಾಚಿದ. ಉಗುರಿನಾಗ ಸುಣ್ಣ,
ಬಲಗಿವ್ಯಾಗ ಬೆಳ್ಳಿ ಒಂಟಿ.
'ತಗೊ ಮಾಮಾ, ಎಲ್ಲಿ ಹೊಕ್ಕಿ, ಮತ್ತ ಸಿಗತಿ.'
'ನೀ ಎಲ್ಲಿ ಹೊಕ್ಕಿ' ಅಂತ ನಾನೂ ನಕ್ಕೆ.
ಅಂವ ಆರು ತಗೊಂಡ. ಎರಡು ದಿನದ ಲೆಕ್ಕ.

ಹದಿನೈದಕ್ಕ
ಶಟರಿನ ಕೀಲಿಗೆ ಬಟ್ಟಿ ಸುತ್ತಿ ಅರಗಿನ ಮುದ್ರಿ ಒತ್ತಿತ್ತು.
'ಒಂದು ದಿನ ಬಾಯಿ ಕಟ್ಟಿದ್ರ ಸಾವು ನಿಲ್ಲತೈತೇನು?'
ಚಾದಂಗಡಿ ಲಾಲಸಾಬ ಕೇಳಿದ. ನಾ ಏನು ಹೇಳಲಿ.
ಮಧ್ಯಾಹ್ನ ಆತು, ಬರಲಿಲ್ಲ.
ಟೇಬಲ್ ತೊಳದೆ. ಒಣಗಿತು. ಮತ್ತ ತೊಳದೆ.
ಧ್ವಜ ಹಾರಿಸಿದಲ್ಲಿ ಕೊಟ್ಟ ಬೂಂದಿ ಪೊಟ್ಟಣ
ಅದರ ಮ್ಯಾಲ ಇಟಗೊಂಡು ತಿಂದೆ.
ಫಾರ್ಮಾಲಿನ್ ಡಬ್ಬಿ ಹಿಂದ ನನ್ನ ಕ್ವಾರ್ಟರು.
ಹೆಣ ಇಲ್ಲ ಅಂದಮ್ಯಾಲ ನೆಪ ಇಲ್ಲ.
ಕೈ ಸುಮ್ಮ ಕೂಡಲಿಲ್ಲ, ತೊಡಿ ಕೆಳಗ ಇಟಗೊಂಡು ಕುಂತೆ.

ರಾತ್ರಿ ಡಾಕ್ಟರಮ್ಮ ರಿಜಿಸ್ಟರ್ ಮುಂದಿಟ್ರು.
'ನಿರಂಕ ಅಂತ ಬರಿ, ಯಮನೂರಪ್ಪ.'
ಪೂರಾ ಹೆಸರು.
ಮೂರು ಅಕ್ಷರಕ್ಕ ಪೆನ್ನು ಮೂರು ಸಲ ಜಾರಿತು.

ಮನ್ಯಾಗ ಹುಲಿಗೆವ್ವ ಬಾಗಿಲ ತೆಗದು
ಕಣ್ಣಿಗಿಂತ ಮೊದಲು ಮೂಗಿಲೆ ನೋಡಿದಳು,
ಏನೂ ಅನಲಿಲ್ಲ.
ಆರಿದ್ದ ಪಲ್ಯ ಮತ್ತ ಒಲಿ ಮ್ಯಾಲ ಇಟ್ಟಳು.

ಹದಿನಾರಕ್ಕ ಹತ್ತು ಗಂಟೇಕ ಮುದ್ರಿ ಒಡದ್ರು.
ಎರಡೂವರಿಗೆ ಫೋನು.
'ಯಮಾ, ಬಂದೈತಿ.'

ಬೆಳ್ಳಿ ಒಂಟಿ ಮೊದಲು ಕಂಡಿತು.
ಪಂಚನಾಮಿ ಬರಿಯೋ ಪೊಲೀಸಪ್ಪ ಒದರಿದ:
ಮೊಬೈಲು ಒಂದು, ಹಣಿಗಿ ಒಂದು,
ಬೈಕಿನ ಕೀಲಿ, ರೊಕ್ಕ ನಲವತ್ತು.
ಡಬ್ಬಿ ಹಿಂದಿನ ಬಾಟ್ಲಿ ಕೈಗೆ ಎಟಕತಿತ್ತು.
ಅವತ್ತಿನ ಹೊಲಿಗಿ ಎಲ್ಲಾ ಸೊಟ್ಟ ಬಿದ್ದಾವು.
ಹೊಟ್ಟಿ ಬಿಚ್ಚಿದಾಗ ವಾಸನಿ ಎದ್ದಿತು,
ಒಬ್ಬಂದ.

ಸಂಜಿಗೆ ಅವನ ತಮ್ಮನ ಕೈಗೆ ಗಂಟು ಕೊಡೋಕಿಂತ ಮೊದಲು
ಪೊಲೀಸಪ್ಪ ಮತ್ತ ಎಣಿಸಿದ.
'ಐವತ್ತು ಆಗತಾವಲ್ಲೋ ಯಮಾ,
ಹತ್ತು ಹೆಚ್ಚಿಗಿ ಎಲ್ಲಿಂದ ಬಂತು?'

ನಾ ಕೀಲಿ ಹಾಕಾಕ ಹತ್ತಿದ್ದೆ.