ದಪ್ಪ ಸೂಜಿ

ಮೊದಲನೇದು ಪುಕ್ಕಟೆ.
ಹೋಟಗಿ ರಸ್ತಾದ ಬಯಲಿಗೆ ಜಿಗಿಯಾವ್ರ ಶಿಬಿರ ಬಂದಿತ್ತು.
ಯಾರದೋ ಬೆನ್ನಚೀಲದ ಪಟ್ಟಿ ಹರದು
ನಮ್ಮ ಯುನಿಫಾರ್ಮ್ ಕಾರಖಾನಿಗೆ ಹುಡಿಕ್ಯೋತ ಬಂದ್ರು.
ದಪ್ಪ ಸೂಜಿ ನನ್ನ ಹಂತ್ಯಾಕ ಇತ್ತು.
ಕೂಲಿ ಬ್ಯಾಡ ಅಂದೆ. ಒಮ್ಮೆ ಮ್ಯಾಲೆ ಕರಕೊಂಡು ಹೋಗ್ರಿ.

ಹತ್ತು ಸಾವಿರ ಫೂಟು.
ಬಾಗಲಾ ತಗದ್ರು.
ಬೆನ್ನಿಗೆ ಕಟಗೊಂಡಾಂವ ಏನೋ ಹೇಳಿದ, ಗಾಳಿ ತಿಂತು.
ಒದರಿದ್ನೋ ಇಲ್ಲೋ,
ಇಳದಾಗ ಬಾಯಿ ಒಣಗಿತ್ತು, ಅಷ್ಟs ಗೊತ್ತು.
ಕೆಳಗ ಸಿದ್ಧೇಶ್ವರ ಕೆರಿ, ಅಂಗಿಗುಂಡಿಯಷ್ಟು.
ನಮ್ಮ ಓಣಿ ಹುಡುಕಿದೆ, ಸಿಗಲಿಲ್ಲ.
ಸಿಗದಿದ್ದದ್ದು ಛಲೋ ಅನಿಸ್ತು.

ಎರಡನೇದಕ್ಕ ಇಪ್ಪತ್ತೆಂಟು ಸಾವಿರ.
ಒಂದು ಕಾಲರಿಗೆ ಎರಡೂವರಿ ರೂಪಾಯಿ.
ಲೆಕ್ಕಾ ಹಾಕಿ ಸಾಕಾಗಿ ಭಿಶಿ ಎತ್ತಿದೆ,
ಫ್ರಿಜ್ಜಿಗಂತ ಹೇಳಿ.
ಫ್ರಿಜ್ ಎಲ್ಲೈತಿ, ಅಂತಾಳ ನೆಗೆಣ್ಣಿ ಇಂದುಮತಿ.
ಬರತೈತಿ ಅಂತೀನಿ.
ಮೂರನೇದಕ್ಕ ಕಿವ್ಯಾಗಿನ ಹರಳು.

ಯಾರೂ ಇಲ್ಲದಾಗ
ಕಾರಖಾನಿ ಫ್ಯಾನಿನ ಮುಂದ ಕೈ ಅಗಲಿಸಿ ನಿಂದರತೀನಿ.
ಹೊಟ್ಟಿ ಜಗ್ಗೂದಿಲ್ಲ.

ಶಿಬಿರ ಮತ್ತ ಬಂದೈತಿ.
ರವಿವಾರ ಸೂಜಿ, ಮೇಣದ ದಾರ ಚೀಲದಾಗ ಇಟಗೊಂಡು
ತಂತಿಬೇಲಿ ಹಿಡಕೊಂಡಿರತೀನಿ.
ಇಳದು ಬರೋ ಒಬ್ಬೊಬ್ಬರನ್ನೂ ಕೇಳತೀನಿ:
ಏನರೆ ಹರದೈತೇನ್ರಿ?